ನಾಟಿ ಟೊಮೆಟೊ ಬೀಜ ಎತ್ತಿಟ್ಟರೆ ಕೇಸಾಗುತ್ತದೆಯೇ?

ನಂಗಲಿಯ ಅಕ್ಕ,

ಬೀಜ ಎತ್ತಿಟ್ಟರೆ ಕೇಸಾಗುತ್ತದೆ ಎಂದ, ಅಮೆರಿಕದಲ್ಲಿರುವ ನಿಮ್ಮ ತಮ್ಮ ಸುಳ್ಳು ಹೇಳಿಲ್ಲ. ಆದರೆ ಅವನು ಹೇಳಿದ್ದು ಅಲ್ಲಿನ ಕಾನೂನು. ಇಂಡಿಯಾನಾದ ಬೋಮನ್ ಎಂಬ ರೈತ ಪೇಟೆಂಟ್ ಇದ್ದ ಸೋಯಾಬೀನಿನ ಬೀಜ ಉಳಿಸಿ ಮತ್ತೆ ಬಿತ್ತಿದ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾನ್ಸಾಂಟೊ ಕಂಪನಿಯ ಪರ ತೀರ್ಪು ಕೊಟ್ಟಿತು. ಪೇಟೆಂಟು ಅದನ್ನು ಕೊಟ್ಟ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಮು ಗಿಡ, ಬೀಜ, ತಳಿಗಳಿಗೆ ಪೇಟೆಂಟನ್ನೇ ಕೊಡುವುದಿಲ್ಲ.

ಬದಲಿಗೆ ನಮ್ಮಲ್ಲಿ 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ಅದರ 39ನೇ ಕಲಮಿನ ಪ್ರಕಾರ ನೀವು ಬೀಜ ಉಳಿಸಬಹುದು, ಬಿತ್ತಬಹುದು, ನೆರೆಯವರಿಗೆ ಕೊಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿದ ಪೊಟ್ಟಣದಲ್ಲಿ ಮಾತ್ರ ಮಾರಬಾರದು. ಇದು ಕೇಂದ್ರದ ಕಾಯ್ದೆ. ಗಡಿ ದಾಟಿ ಆಂಧ್ರದ ಮದನಪಲ್ಲಿಗೆ ಹೋದರೂ ಇದೇ. 2019ರಲ್ಲಿ ಪೆಪ್ಸಿಕೊ ಕಂಪನಿ, ತನ್ನ ಸಂರಕ್ಷಿತ ತಳಿ ಬೆಳೆದರೆಂದು ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಹೂಡಿದ್ದ ದಾವೆಗಳನ್ನು ಹಿಂಪಡೆಯಿತು. ಆ ರೈತರು ಪಟ್ಟ ಆತಂಕ ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಒಂದು ಎಚ್ಚರಿಕೆ: ಹೆಸರಘಟ್ಟದ ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಹಣ್ಣಿನ ಬೀಜ ಇಡಬೇಡಿ. ಕಾನೂನಿನ ತೊಡಕಿಗಲ್ಲ, ಮುಂದಿನ ಪೈರು ತಾಯಿಗಿಡದಂತೆ ಬರುವುದಿಲ್ಲ. ನಿಮ್ಮ ಅತ್ತೆ ಕಾಪಾಡಿಕೊಂಡು ಬಂದ ನಾಟಿ ತಳಿಯ ಮಾತೇ ಬೇರೆ. ಅದನ್ನು ರೈತರ ತಳಿಯಾಗಿ ನೋಂದಾಯಿಸಲು ಅರ್ಜಿ ಹಾಕಿ. ನೋಂದಣಿಯಾದರೆ ಹಕ್ಕು ಗರಿಷ್ಠ 15 ವರ್ಷ. ಈ ಮಳೆಗಾಲದಲ್ಲೇ ಅರ್ಜಿಗೆ ಬೇಕಾಗುವ ಗಿಡದ ಎತ್ತರ, ಹಣ್ಣಿನ ಆಕಾರ, ಕೊಯ್ಲಿನ ದಿನ ಬರೆದಿಡಲು ಶುರು ಮಾಡಿ.