ಹುಟ್ಟಿಸುವಾಗಲೇ ಆಯುಸ್ಸು ಬರೆಯಿರಿ

ಕುಪ್ಪಳ್ಳಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯಬಹುದು. ಆದರೆ ಆಷಾಢದ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಮುಂಬೈನ ಡೇಟಾ ಸೆಂಟರಿನಲ್ಲಿ ನೀವು ಎಬ್ಬಿಸಿಟ್ಟ ಪರೀಕ್ಷಾ ಕ್ಲಸ್ಟರಿಗೆ ಇದ್ಯಾವುದೂ ತಟ್ಟುವುದಿಲ್ಲ. ಅದು ಓಡುತ್ತಲೇ ಇರುತ್ತದೆ, ಜೊತೆಗೆ ಮೀಟರೂ.

ಮೊದಲಿಂದ ಹೇಳುತ್ತೇನೆ. ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ಕಂಪ್ಯೂಟರುಗಳ ಗುಂಪು ಕ್ಲಸ್ಟರ್. ಮೂರು ಯಂತ್ರಗಳಲ್ಲಿ ಒಂದು ಕೈಕೊಟ್ಟರೆ ಉಳಿದೆರಡು ಏನು ಮಾಡುತ್ತವೆ ಎಂದು ನೋಡಲು, ಕೆಲವು ಗಂಟೆಗಳ ಮಟ್ಟಿಗೆ ಇಂಥದೊಂದನ್ನು ಬಾಡಿಗೆಗೆ ತರುತ್ತೇವೆ. ಮದುವೆಗೆ ಶಾಮಿಯಾನ ತಂದ ಹಾಗೆ: ಊಟ ಮುಗಿದು ನೆಂಟರು ಹೋದರೂ, ಬಿಚ್ಚಿ ವಾಪಸು ಕಳಿಸುವ ತನಕ ಬಾಡಿಗೆ ನಿಲ್ಲುವುದಿಲ್ಲ. ಕ್ಲಸ್ಟರುಗಳನ್ನು ನಡೆಸುವ ತಂತ್ರಾಂಶವಾದ ಕುಬರ್ನೆಟೀಸಿನ ಅಮೆಜಾನ್ ಸೇವೆಯಲ್ಲಿ ನಿಯಂತ್ರಣ ಭಾಗಕ್ಕೇ ಗಂಟೆಗೆ 10 ಸೆಂಟ್. ಮರೆತು 30 ದಿನ ಬಿಟ್ಟರೆ 72 ಡಾಲರ್. ದುಡಿಯುವ ಯಂತ್ರಗಳ ಲೆಕ್ಕ ಬೇರೆ.

ಹೊಸಬರಿಗೆ ತಟ್ಟನೆ ಹೊಳೆಯುವ ಉಪಾಯ ಒಂದಿದೆ. ಟರ್ಮಿನಲ್ಲಿನಲ್ಲಿ ‘ಸ್ಲೀಪ್’ ಎಂದು ನಾಲ್ಕು ಗಂಟೆ ಕೊಟ್ಟು, ಅದರ ಬೆನ್ನಿಗೆ ಕ್ಲಸ್ಟರ್ ಅಳಿಸುವ ಕಮಾಂಡ್ ಸೇರಿಸಿ ಎದ್ದುಹೋಗುವುದು. ಲ್ಯಾಪ್‌ಟಾಪಿನ ಬ್ಯಾಟರಿ ಇಳಿದರೆ, ಅಥವಾ ಸರಿಯಾಗಿ ಆ ಹೊತ್ತಿಗೆ ಸಿಗ್ನಲ್ ಇಲ್ಲದಿದ್ದರೆ, ಆ ಕಮಾಂಡ್ ಮುಂಬೈ ಮುಟ್ಟುವುದೇ ಇಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಇದನ್ನು ನಂಬಬೇಡಿ. ಗಡುವಿನ ಗಡಿಯಾರ ನಿಮ್ಮ ಜಗುಲಿಯಲ್ಲಲ್ಲ, ಕ್ಲಸ್ಟರಿನ ಕಡೆ ಇರಬೇಕು.

ಕಾಕ್ರೋಚ್‌ಡಿಬಿ ಎಂಬ ಡೇಟಾಬೇಸ್ ಕಟ್ಟುವವರು ತಮ್ಮ ಪರೀಕ್ಷೆಗಳಿಗಾಗಿ ಮಾಡಿಕೊಂಡ ‘ರೋಚ್‌ಪ್ರಾಡ್’ ಎಂಬ ಸಲಕರಣೆ ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ‘ಕ್ರಿಯೇಟ್’ ಅಂದಾಗಲೇ ಕ್ಲಸ್ಟರಿಗೆ ಆಯುಸ್ಸು ನಿಗದಿಯಾಗುತ್ತದೆ. ನೀವು ಬಾಯಿ ಬಿಡದಿದ್ದರೆ 12 ಗಂಟೆ. ಬೆಳಿಗ್ಗೆ 10ಕ್ಕೆ ಎಬ್ಬಿಸಿದ್ದು ರಾತ್ರಿ 10ಕ್ಕೆ ಮುಗಿಯಬೇಕು. ಕೆಲಸ ಬಾಕಿ ಇದ್ದರೆ ‘ಎಕ್ಸ್‌ಟೆಂಡ್’ ಕೊಟ್ಟು 6 ಗಂಟೆ ಸೇರಿಸಿ, ನಸುಕಿನ 4ರವರೆಗೆ ಸಿಕ್ಕಿತು. ಬೇಗ ಮುಗಿದರೆ ‘ಡಿಸ್ಟ್ರಾಯ್’. ಅವಧಿ ಮೀರಿದವನ್ನು ಗುಡಿಸಿಹಾಕಲು ‘ಜಿಸಿ’ ಎಂಬ ಇನ್ನೊಂದು ಕಮಾಂಡ್ ಇದೆ; ಅದನ್ನು ಸಾಮಾನ್ಯವಾಗಿ ಗಂಟೆಗೊಮ್ಮೆ ತಾನಾಗಿ ಓಡುವಂತೆ ಇಟ್ಟಿರುತ್ತಾರೆ. ಕ್ಲಸ್ಟರಿನ ಹೆಸರು ಬಳಕೆದಾರರ ಹೆಸರಿನಿಂದಲೇ ಶುರುವಾಗಬೇಕೆಂಬ ನಿಯಮವೂ ನನಗೆ ಹಿಡಿಸಿತು. ‘ಟೆಸ್ಟ್2’ ಯಾರದ್ದೆಂದು ಆಫೀಸಿಡೀ ಕೇಳಿಕೊಂಡು ತಿರುಗುವ ಕಷ್ಟ ಕಂಡವರಿಗೇ ಗೊತ್ತು.

ಗಡುವು ಲೆಕ್ಕಹಾಕುವಾಗ ಒಂದು ಎಚ್ಚರ: ಕ್ಲೌಡಿನ ಲಾಗುಗಳಲ್ಲಿ ಸಮಯ ಹೆಚ್ಚಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 16:30 ಎಂದು ಕಂಡರೆ ಅದೇ ನಮ್ಮ ರಾತ್ರಿ 10.

ರೋಚ್‌ಪ್ರಾಡ್‌ನಂಥ ಸಲಕರಣೆ ಇಲ್ಲದಿದ್ದರೆ? ಪ್ರತಿ ಲಿನಕ್ಸ್ ಯಂತ್ರದ ಒಳಗೇ ‘ಶಟ್‌ಡೌನ್’ ಕಮಾಂಡಿಗೆ 240 ನಿಮಿಷ ಕೊಡಿ. ನಿಮ್ಮ ಕರೆಂಟು ಹೋದರೂ ಅದು ಗಡುವಿಗೆ ಮಲಗುತ್ತದೆ. ಆದರೆ ಅಮೆಜಾನಿನಲ್ಲಿ ಹೀಗೆ ಮಲಗಿದ ಯಂತ್ರ ಬರೀ ನಿಲ್ಲುತ್ತದೆ, ಅಳಿಯುವುದಿಲ್ಲ. ಡಿಸ್ಕಿನ ಬಾಡಿಗೆ ಏರುತ್ತಲೇ ಇರುತ್ತದೆ. ಶಟ್‌ಡೌನ್ ಆದರೆ ‘ಟರ್ಮಿನೇಟ್’ ಆಗಲಿ ಎಂದು ಎಬ್ಬಿಸುವಾಗಲೇ ಆರಿಸಿ. ಕುಬರ್ನೆಟೀಸ್ ಆದರೆ ಕ್ಲಸ್ಟರಿಗಿಂತ ಮೊದಲು ಅದರೊಳಗಿನ ಸರ್ವಿಸುಗಳನ್ನು ತೆಗೆಯಿರಿ, ಇಲ್ಲವಾದರೆ ಅವು ಹುಟ್ಟಿಸಿದ, ಬರುವ ಕೋರಿಕೆಗಳನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರುಗಳು ವಾರಸುದಾರರಿಲ್ಲದೆ ಬಿಲ್ಲಿನಲ್ಲಿ ಉಳಿದುಬಿಡುತ್ತವೆ.