ಮತಪತ್ರ ಮಡಿಸುವ ಮುನ್ನ

ನ್ಯಾಮತಿಗೆ ತಾಲ್ಲೂಕು ಕಚೇರಿ ಬಂದರೂ ಶಾಸಕರನ್ನು ಆರಿಸಲು ಹೊನ್ನಾಳಿ ಕ್ಷೇತ್ರವೇ. ಗ್ರಾಮ ಪಂಚಾಯಿತಿಯ ಲೆಕ್ಕ ಬೇರೆ. ಅದರ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆಧಾರ 1993ರ ಪಂಚಾಯತ್ ರಾಜ್ ಕಾಯ್ದೆ. 2020ರ ಡಿಸೆಂಬರ್‌ನಲ್ಲಿ ಮತಯಂತ್ರ ಕಂಡದ್ದು ಬೀದರ್ ಜಿಲ್ಲೆ ಮಾತ್ರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳಲ್ಲಿ ಮತಪತ್ರವೇ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳಿಗೆಲ್ಲ ಮತಪತ್ರವನ್ನೇ ಬಳಸುವಂತೆ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಯಂತ್ರವೋ ಕಾಗದವೋ ಎಂಬ ಜಗಳ ಅರಳಿಕಟ್ಟೆಗೆ ಬಿಡೋಣ. ಯಂತ್ರದ ಗುಂಡಿ ಒತ್ತಿದ ಮತ ಕುಲಗೆಡುವುದಿಲ್ಲ, ಕಾಗದದ ಮೇಲಿನದು ಕೆಡುತ್ತದೆ. ಅದಕ್ಕೇ ಈ ಬರಹ.

ಮೊದಲು ಪಟ್ಟಿ. ಪಂಚಾಯಿತಿಯ ಮತದಾರರ ಪಟ್ಟಿ ವಿಧಾನಸಭೆಯ ಪಟ್ಟಿಯಿಂದಲೇ ತಯಾರಾಗುತ್ತದೆ, ಆದರೆ ವಾರ್ಡ್‌ವಾರು. ಹಾಗಾಗಿ ಕಳೆದ ಬಾರಿಯ ಕ್ರಮಸಂಖ್ಯೆ ಹಿಡಿದು ಹೋದರೆ ಪ್ರಯೋಜನವಿಲ್ಲ. ಕರಡು ಪಟ್ಟಿ ಪ್ರಕಟವಾದಾಗ ಮನೆಯವರೆಲ್ಲರ ಹೆಸರು ಒಂದೇ ವಾರ್ಡಿನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಗಡುವಿನೊಳಗೆ ಆಕ್ಷೇಪಣೆ ಕೊಡಿ. ಹೆಸರೇ ಇಲ್ಲದವರು ಬಿಎಲ್‌ಒ ಬಳಿ ನಮೂನೆ 6, ತಿದ್ದುಪಡಿಯಾಗಬೇಕಾದವರು ನಮೂನೆ 8 ತುಂಬಿಕೊಡಬೇಕು. ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ.

ಮತಗಟ್ಟೆಗೆ ಹೋಗುವ ಮುಂಚೆ ವಾರ್ಡಿಗೆ ಎಷ್ಟು ಸ್ಥಾನ ಎಂದು ತಿಳಿದಿರಲಿ. ಎಷ್ಟು ಸ್ಥಾನವೋ ಅಷ್ಟು ಮತ, ಒಬ್ಬರಿಗೆ ಒಂದೇ. ಮೂರು ಸ್ಥಾನವಿರುವ ಕಡೆ ನಾಲ್ಕು ಜನರಿಗೆ ಮುದ್ರೆ ಒತ್ತಿದರೆ ನಾಲ್ಕೂ ನೀರುಪಾಲು. ಇಬ್ಬರಿಗೇ ಒತ್ತಿ ಬಂದರೆ ತಪ್ಪೇನಿಲ್ಲ. ಇಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ನಿಮ್ಮ ಅಭ್ಯರ್ಥಿಗೆ ಸಿಕ್ಕ ಚಿಹ್ನೆ ಯಾವುದೆಂದು ನೆನಪಿಟ್ಟುಕೊಳ್ಳಿ.

ಮತಪತ್ರದ ಹಿಂದೆ ಅಧಿಕಾರಿಯ ಸಹಿ ಇದೆಯೇ ಎಂದು ತಿರುಗಿಸಿ ನೋಡಿ. ಅವರು ಕೊಟ್ಟ ಬಾಣದ ಗುರುತಿನ ಮುದ್ರೆಯನ್ನೇ ಚಿಹ್ನೆಯ ಮೇಲೆ ಒತ್ತಿ, ಗೆರೆಯ ಮೇಲಲ್ಲ. ಪೆನ್ನಿನ ಟಿಕ್, ಸಹಿ, ಹೆಬ್ಬೆಟ್ಟು ಯಾವುದೂ ಬೇಡ. ಯಾರ ಮತವೆಂದು ಗುರುತಾದರೆ ಅದು ತಿರಸ್ಕೃತ. 2020ರ ಚುನಾವಣೆ ಬಂದದ್ದು ಚನ್ನಗಿರಿ ಕಡೆ ಅಡಿಕೆ ಸುಲಿತದ ಹೊತ್ತಿಗೆ. ಚೊಗರು ಹಿಡಿದ ಕೈಯವರು ಬೆರಳಿನ ಅಚ್ಚು ಬೀಳದಂತೆ ಕಾಗದದ ಅಂಚು ಹಿಡಿಯುವುದೇ ಲೇಸು.

ಮಡಿಸುವಾಗ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಗೆ ಅಂಟಬಾರದೆಂದೇ ಈ ಕ್ರಮ. ಅಂಟಿತೆಂದು ಗಾಬರಿಪಡಬೇಕಿಲ್ಲ: ಅಂಟಿದ ಗುರುತು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ, ಎಣಿಸುವವರಿಗೆ ಅಸಲು ಯಾವುದೆಂದು ಗೊತ್ತಾಗುತ್ತದೆ. ಮುದ್ರೆ ತಪ್ಪಿ ಬಿದ್ದರೆ ಪೆಟ್ಟಿಗೆಗೆ ಹಾಕುವ ಮೊದಲೇ ಅಧಿಕಾರಿಗೆ ತಿಳಿಸಿ. ಹಾಕಿದ ಮೇಲೆ ತೆಗೆಯಲಾಗದು.