ಮನೆಯೊಳಗಿನ ಮಾದರಿ ರೈಲು: ಮೇಜಿನ ಯೋಜನೆ

ಪುಣೆಯ ಕೋಥರೂಡದಲ್ಲಿರುವ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯವನ್ನು ನಮ್ಮ ವಾಚನಾಲಯದ ಸದಸ್ಯರಲ್ಲಿ ಕೆಲವರಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿರಬೇಕು. ಭಾವೂಸಾಹೇಬ ಜೋಶಿಯವರು ಹವ್ಯಾಸವಾಗಿ ಬೆಳೆಸಿದ ಆ ಮಾದರಿಯು 1998ರ ಏಪ್ರಿಲ್ 1ರಂದು ಸಂಗ್ರಹಾಲಯವಾಗಿ ತೆರೆಯಿತು. ಅದಕ್ಕೆ ಮುಂಚೆ ಅವರು ತಮ್ಮ ರೈಲುಗಳನ್ನು ಪ್ರದರ್ಶನಕ್ಕೆಂದು ಒಯ್ದು, ಜೋಡಿಸಿ, ತೋರಿಸಿ, ಮತ್ತೆ ಬಿಚ್ಚಿ ತರಬೇಕಾಗುತ್ತಿತ್ತು. ಈ ಬಿಚ್ಚಿ ಕಟ್ಟುವ ಶ್ರಮ ಸಾಕಾಗಿ, ಅದಕ್ಕೊಂದು ಸ್ಥಿರವಾದ ಸ್ಥಳ ಬೇಕೆಂದು ಅವರಿಗೆ ಅನಿಸಿತು. ನಮ್ಮ ಸ್ಥಿತಿ ಬೇರೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಖೋಲಿ ಹಿಡಿದು, ಕರಾರು ಮುಗಿಯುತ್ತಲೇ ಖಡಕಿಯಿಂದ ಪಿಂಪ್ರಿಗೋ ಹಡಪಸರಕ್ಕೋ ಸಾಮಾನು ಸಾಗಿಸುವವರಿಗೆ ಸ್ಥಿರವಾದ ಸ್ಥಳವೆಲ್ಲಿಂದ ಬರಬೇಕು? ಹಾಗೆಂದು ಈ ಹವ್ಯಾಸ ನಮಗಲ್ಲವೆಂದು ಕೈಬಿಡಬೇಕಾಗಿಲ್ಲ. ಬಿಚ್ಚುವ ಕಾಲ ಬಂದೇ ಬರುವುದೆಂದು ಮೊದಲೇ ತಿಳಿದು ಮೇಜನ್ನು ಯೋಜಿಸಿದರಾಯಿತು.

ಹೆಚ್ಚಿನವರು ಮೊದಲು ಎಂಜಿನ್ನು ಕೊಳ್ಳುತ್ತಾರೆ, ಆಮೇಲೆ ಹಳಿ ತರುತ್ತಾರೆ, ಕೊನೆಗೆ ಇದನ್ನೆಲ್ಲ ಎಲ್ಲಿಡುವುದೆಂದು ಮನೆಯ ಸುತ್ತ ನೋಡುತ್ತಾರೆ. ಈ ಕ್ರಮ ತಿರುಗಬೇಕು. ಖೋಲಿಯ ಅಳತೆ, ನಮ್ಮ ಕೈಯ ಅಳತೆ, ಬಾಗಿಲು ಮತ್ತು ಜಿನೆಯ ಅಳತೆ, ಈ ಮೂರನ್ನು ಕಾಗದದ ಮೇಲೆ ಬರೆದುಕೊಳ್ಳುವವರೆಗೆ ಅಂಗಡಿಯ ಕಡೆಗೆ ಹೋಗಕೂಡದು.

ಇನ್ನು ರೈಲಿನ ಪ್ರಮಾಣದ ವಿಚಾರ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಎಂಬ ಪ್ರಮಾಣ. ಇದರಲ್ಲಿ ನಿಜವಾದ ವಸ್ತುವಿನ 87ನೆಯ ಒಂದು ಪಾಲಿನಷ್ಟು ಮಾದರಿ ಇರುತ್ತದೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಇದಕ್ಕಿಂತ ಚಿಕ್ಕದು ಎನ್ ಪ್ರಮಾಣ. 160ರಲ್ಲಿ ಒಂದು ಪಾಲು, ಹಳಿಯ ಅಂತರ 9 ಮಿಲಿಮೀಟರ್. ಇಲ್ಲಿ ಒಂದು ಮಾತು ಹೇಳಿದರೆ ಓದುಗರಿಗೆ ಮೋಜೆನಿಸಬಹುದು. 16.5ನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರ್ ಬರುತ್ತದೆ. ಇದು ಯುರೋಪ್ ಅಮೇರಿಕಗಳ ಹಳಿಯ ಅಳತೆ. ನಮ್ಮ ಬ್ರಾಡ್‌ಗೇಜಿನ ಅಗಲ 1676 ಮಿಲಿಮೀಟರ್. ಅದರ ಮಾದರಿಗೆ 19 ಮಿಲಿಮೀಟರಿಗಿಂತ ತುಸು ಹೆಚ್ಚಿನ ಹಳಿ ಬೇಕು. ನಮ್ಮ ಹಿರಿಯರು ಬೆಳಗಾವಿ, ಮೀರಜದ ಮೇಲಿಂದ ಪುಣೆಗೆ ಬಂದಿಳಿದ ಮೀಟರ್‌ಗೇಜು, 1971ರ ಹೊತ್ತಿಗೆ ಪುಣೆ–ಮೀರಜದ ನಡುವೆ ಮಾಯವಾದ ಆ ಹಳಿ, ಇದೇ ಪ್ರಮಾಣದಲ್ಲಿ ಬರಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಹೀಗಾಗಿ ಅಂಗಡಿಯ ಎಚ್‌ಓ ಹಳಿಗೆ ಪುಣೆಯಲ್ಲಿ ಸರಿಯಾಗಿ ಹೊಂದುವುದು 2022ರಲ್ಲಿ ಓಡತೊಡಗಿದ ಮೆಟ್ರೋ ಒಂದೇ. ಆಟಕ್ಕೆ ಈ ವ್ಯತ್ಯಾಸ ಅಡ್ಡಿಯಲ್ಲ. ಕಣ್ಣು ಬೇಗನೆ ಒಪ್ಪಿಕೊಳ್ಳುತ್ತದೆ.

ಮೇಜಿನ ಗಾತ್ರವನ್ನು ಹೆಚ್ಚಾಗಿ ಗೊತ್ತುಮಾಡುವುದು ತಿರುವು. ಎಚ್‌ಓದಲ್ಲಿ ಸಾಧಾರಣವಾಗಿ ಸಿಗುವ ಬಿಗಿಯಾದ ತಿರುವಿನ ತ್ರಿಜ್ಯ 18 ಅಂಗುಲ. ಗಾಡಿ ಒಂದು ಸುತ್ತು ತಿರುಗಬೇಕಾದರೆ 36 ಅಂಗುಲ, ಅಂಚಿಗೆ ಎರಡೂ ಬದಿಗೆ ಎರಡೆರಡು ಅಂಗುಲ ಸೇರಿ 40 ಅಂಗುಲ ಅಗಲ ಬೇಕು. ಎನ್ ಪ್ರಮಾಣದಲ್ಲಿ ತ್ರಿಜ್ಯ ಹತ್ತು ಅಂಗುಲದ ಸುಮಾರಿದ್ದು, ಎರಡಡಿ ಅಗಲದಲ್ಲಿ ಸುತ್ತು ಮುಗಿಯುತ್ತದೆ. ಎರಡಡಿ ಅಗಲ, ನಾಲ್ಕಡಿ ಉದ್ದದ ಹಲಗೆಯನ್ನು ಒಬ್ಬನೇ ಕಂಕುಳಲ್ಲಿ ಹಿಡಿದು ಜಿನೆ ಇಳಿಯಬಹುದು. ಹಗಲಲ್ಲಿ ಮಂಚದ ಕೆಳಗೆ ತಳ್ಳಬಹುದು. ಮನೆಯಲ್ಲಿ ಐದಾರು ವರ್ಷದ ಮಗುವಿದ್ದರೆ ಮಾತ್ರ ಆ ಸಣ್ಣ ಗಾಲಿಗಳನ್ನು ಹಳಿಯ ಮೇಲೆ ಕೂಡಿಸುವುದು ಅದಕ್ಕೆ ಕಷ್ಟ.

ಪ್ಲೈವುಡ್ಡಿನ ಹಲಗೆ ಎಂಟಡಿ ನಾಲ್ಕಡಿಯಲ್ಲಿ ಸಿಗುವುದರಿಂದ, ಅದನ್ನು ಹಾಗೆಯೇ ನಾಲ್ಕು ಕಾಲಿನ ಮೇಲಿಟ್ಟು ಮೇಜು ಮಾಡುವ ರೂಢಿ ಎಲ್ಲ ದೇಶಗಳಲ್ಲಿಯೂ ಇದೆ. ಮೇಲ್ನೋಟಕ್ಕೆ ಇದು 32 ಚದರಡಿಯ ಮೇಜು. ಆದರೆ ಮನುಷ್ಯನ ಕೈ ಮೇಜಿನ ಮೇಲೆ ಸುಲಭವಾಗಿ ಎರಡು, ಹೆಚ್ಚೆಂದರೆ ಎರಡೂವರೆ ಅಡಿಯವರೆಗೆ ಚಾಚುತ್ತದೆ. ನಾಲ್ಕಡಿ ಅಗಲದ ಹಲಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಆಚೆಯ ಒಂದೂವರೆ ಅಡಿಗೆ ಕೈ ತಲುಪುವುದಿಲ್ಲ. ಗಾಡಿಗೆ ಹಳಿ ತಪ್ಪಲು ಅದೇ ಜಾಗ ಇಷ್ಟವೆಂಬುದು ಅನುಭವಸ್ಥರಿಗೆ ಗೊತ್ತಿದೆ. ಆದುದರಿಂದ ಸುತ್ತಲೂ ಎರಡೆರಡು ಅಡಿ ನಡೆದಾಡುವ ಜಾಗ ಬಿಡಬೇಕು. ಆಗ ಆ ಮೇಜು ನಿಜವಾಗಿ ಹಿಡಿಯುವ ಜಾಗ 12 ಅಡಿ ಉದ್ದ, 8 ಅಡಿ ಅಗಲ. ಎಂದರೆ 96 ಚದರಡಿ. ಪುಣೆಯಲ್ಲಿ ಎಷ್ಟೋ ಸಂಸಾರಗಳು ಇಷ್ಟರಲ್ಲಿಯೇ ಅಡಿಗೆ, ಊಟ, ನಿದ್ದೆಗಳನ್ನು ತೀರಿಸಿಕೊಳ್ಳುತ್ತವೆ.

ಇದೇ 12 ಅಡಿ 8 ಅಡಿ ಖೋಲಿಯಲ್ಲಿ, ನಡುವೆ ಮೇಜಿಡುವ ಬದಲು ಗೋಡೆಯ ಗುಂಟ ಒಂದೂವರೆ ಅಡಿ ಅಗಲದ ಹಲಗೆಯನ್ನು ಸುತ್ತಲೂ ಓಡಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ನಡುವಿನ ಮೇಜಿನ ಮೇಲೆ 22 ಅಂಗುಲ ತ್ರಿಜ್ಯದ ತಿರುವುಗಳನ್ನಿಟ್ಟು ಒಂದು ಸುತ್ತು ಹಾಕಿದರೆ ಹಳಿಯ ಉದ್ದ ಹತ್ತೊಂಬತ್ತೂವರೆ ಅಡಿ. ಗೋಡೆಯ ಗುಂಟ, ಅದೇ ತ್ರಿಜ್ಯದ ತಿರುವುಗಳನ್ನು ನಾಲ್ಕು ಮೂಲೆಗಳಲ್ಲಿಟ್ಟು, ಹಳಿಯನ್ನು ಹಲಗೆಯ ನಡುಮಧ್ಯದಲ್ಲಿ ಹಾಸಿದರೆ ಸುಮಾರು 31 ಅಡಿ. ಓಟ ಒಂದೂವರೆ ಪಟ್ಟು ಹೆಚ್ಚಿತು, ಕೈ ಎಲ್ಲ ಕಡೆಗೂ ತಲುಪಿತು, ನಡುವೆ 9 ಅಡಿ 5 ಅಡಿ ನೆಲ ಸಂಸಾರಕ್ಕೆ ಉಳಿಯಿತು. ಹಲಗೆ ಎದೆಯೆತ್ತರದಲ್ಲಿದ್ದರೆ ಅದರ ಕೆಳಗಿನ ಜಾಗವೂ ಟ್ರಂಕು, ಹಾಸಿಗೆ, ಅಕ್ಕಿಯ ಡಬ್ಬಿಗಳಿಗೆ ಸಿಕ್ಕಿತು. ಬಾಗಿಲಿನ ಮುಂದೆ ಮಾತ್ರ ಎತ್ತಿ ತೆಗೆಯುವ ಒಂದು ತುಂಡು ಹಲಗೆ ಬೇಕು. ಅದನ್ನು ತೆಗೆದಾಗ ಅದರ ಎರಡೂ ಬದಿಯ ಹಳಿಗಳಿಗೆ ವಿದ್ಯುತ್ತು ತಾನಾಗಿ ನಿಲ್ಲುವ ಹಾಗೆ ತಂತಿ ಜೋಡಿಸಬೇಕು. ಇಲ್ಲವಾದರೆ ಎಂಜಿನ್ನು ನೇರವಾಗಿ ನಾಲ್ಕಡಿ ಕೆಳಗೆ ಬೀಳುತ್ತದೆ.

ನಾಲ್ಕು ಗೋಡೆಯೂ ನಮ್ಮ ಪಾಲಿಗೆ ಬಾರದಿದ್ದರೆ? ಖೋಲಿಯಲ್ಲಿ ಇನ್ನೂ ಮೂವರು ಜೊತೆಗಾರರಿದ್ದು, ನಮ್ಮದೆಂದು ಹೇಳಲು ಒಂದು ಮಂಚದುದ್ದದ ಗೋಡೆ ಮಾತ್ರ ಇದ್ದರೆ? ಅಂಥವರು ಸುತ್ತುವ ರೈಲಿನ ಆಸೆ ಬಿಟ್ಟು ಶಂಟಿಂಗ್ ಯಾರ್ಡು ಕಟ್ಟಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಸುತ್ತುವ ಗಾಡಿ ಹತ್ತು ನಿಮಿಷದಲ್ಲಿ ಬೇಸರ ತರುತ್ತದೆ, ಶಂಟಿಂಗ್ ತರುವುದಿಲ್ಲ. ಇಂಗ್ಲೆಂಡಿನ ಅಲನ್ ರೈಟ್ ಎಂಬವರು ಇಂಗಲ್‌ನುಕ್ ಎಂಬ ಹೆಸರಿನಲ್ಲಿ ಇದಕ್ಕೊಂದು ಚಿಕ್ಕ ನಕಾಶೆ ರೂಪಿಸಿದರು. ಮೂರು ಕವಲು ಹಳಿಗಳು; ಒಂದರಲ್ಲಿ ಐದು ಡಬ್ಬಿ, ಉಳಿದೆರಡರಲ್ಲಿ ಮೂರು ಮೂರು ಡಬ್ಬಿ ಹಿಡಿಯುತ್ತವೆ. ಇವು ಕೂಡುವ ತುದಿಯ ಹಳಿಯಲ್ಲಿ ಎಂಜಿನ್ನು ಮತ್ತು ಮೂರು ಡಬ್ಬಿ ಮಾತ್ರ ಹಿಡಿಯಬೇಕು. ಒಟ್ಟು ಎಂಟು ಡಬ್ಬಿ. ಚೀಟಿ ಎತ್ತಿ, ಬಂದ ಕ್ರಮದಲ್ಲಿಯೇ ಐದು ಡಬ್ಬಿಗಳ ಗಾಡಿಯನ್ನು ಕಟ್ಟುವುದು ಆಟ. ಎಂಟರಲ್ಲಿ ಐದನ್ನು ಹೀಗೆ ಕ್ರಮವಾಗಿ ಆರಿಸಲು 6,720 ಬಗೆಗಳಿವೆ. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷಗಳಿಗೆ ಸಾಕು! ಡಬ್ಬಿಗೆ 5 ಅಂಗುಲ, ಎಂಜಿನ್ನಿಗೆ 6, ಎರಡು ಪಾಯಿಂಟುಗಳಿಗೆ 9ರಂತೆ 18 ಅಂಗುಲ ಹಿಡಿದರೆ, ಎಚ್‌ಓದಲ್ಲಿ ಇದಕ್ಕೆ ಬೇಕಾದ ಉದ್ದ ಐದೂವರೆ ಅಡಿ, ಅಗಲ ಒಂದಡಿ. ಎನ್ ಪ್ರಮಾಣದಲ್ಲಿ ಮೂರಡಿ ಉದ್ದ ಸಾಕು. ಮಂಚದ ಮೇಲಿನ ಗೋಡೆಗೆ ಇದನ್ನು ಇಡುವವರು ಮಂಚದ ಮೇಲೆ ಎದ್ದು ಕುಳಿತು ತಲೆಯ ಎತ್ತರವನ್ನು ಮೊದಲು ಅಳೆಯಬೇಕು. ನಸುಕಿನ ಪಾಳಿಗೆ ಕತ್ತಲಲ್ಲಿ ಏಳುವವರಿಗಂತೂ ಈ ಅಳತೆ ಮುಖ್ಯ.

ಘಟ್ಟ ಹತ್ತುವ ರೈಲು ಬೇಕೆಂಬ ಆಸೆ ನಮ್ಮವರಿಗೆ ಸಹಜವೇ. ಊರಿಗೆ ಹೋಗಿಬರುವಾಗ ಘಟ್ಟಗಳನ್ನು ಕಂಡವರು ನಾವು. ಖಂಡಾಳೆಯ ಬೋರ್ ಘಟ್ಟದ ಕಡಿದಾದ ಏರು 37ಕ್ಕೆ 1. ಕ್ಯಾಸಲ್‌ರಾಕಿನಿಂದ ಕುಳೇಂಗೆ ಇಳಿಯುವ ಘಟ್ಟದಲ್ಲಿಯೂ ಅಷ್ಟೇ. ಸಕಲೇಶಪುರ–ಸುಬ್ರಹ್ಮಣ್ಯದಲ್ಲಿ 50ಕ್ಕೆ 1. ಮೇಜಿನ ಮೇಲೆ ಎಚ್‌ಓದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ದಾಟಬೇಕಾದರೆ ನಡುವೆ ಕನಿಷ್ಠ 3 ಅಂಗುಲ ತೆರವು ಬೇಕು, ಸೇತುವೆಯ ದಪ್ಪ ಬೇರೆ. ಬೋರ್ ಘಟ್ಟದಷ್ಟೇ ಕಡಿದಾಗಿ ಏರಿಸಿದರೂ ಮೂರು ಅಂಗುಲ ಏರಲು 111 ಅಂಗುಲ, ಎಂದರೆ ಒಂಬತ್ತೂಕಾಲು ಅಡಿ ಹಳಿ ಬೇಕು. ಇಳಿಯಲು ಮತ್ತೆ ಅಷ್ಟೇ. ಹಿಂದೆ ಹೇಳಿದ ಹತ್ತೊಂಬತ್ತೂವರೆ ಅಡಿಯ ಸುತ್ತೆಲ್ಲ ಇದರಲ್ಲಿಯೇ ಮುಗಿದುಹೋಗಿ, ನಿಲ್ದಾಣಕ್ಕೆಂದು ಸಮತಟ್ಟಾದ ಒಂದಡಿ ಮಾತ್ರ ಉಳಿಯುತ್ತದೆ. ಕಿರಿದಾದ ಹಲಗೆಯ ಮೇಲೆ ಏರು ಬೇಕೇ ಬೇಕೆನ್ನುವವರು 1863ರಲ್ಲಿ ಬೋರ್ ಘಟ್ಟ ಕಟ್ಟಿದ ಎಂಜಿನಿಯರರ ಉಪಾಯವನ್ನು ನೋಡಬೇಕು. ಗುಡ್ಡದಲ್ಲಿ ತಿರುವಿಗೆ ಜಾಗವಿರದ ಕಾರಣ ಅವರು ಗಾಡಿಯನ್ನು ಒಂದು ನಿಲ್ದಾಣದವರೆಗೆ ಹತ್ತಿಸಿ, ಅಲ್ಲಿ ದಿಕ್ಕು ಬದಲಿಸಿ, ಹಿಮ್ಮುಖವಾದ ಇನ್ನೊಂದು ಹಳಿಯಲ್ಲಿ ಮೇಲಕ್ಕೆ ಕಳಿಸಿದರು. 1920ರ ದಶಕದ ಕೊನೆಯವರೆಗೂ ಗಾಡಿಗಳು ಹೀಗೆಯೇ ಹತ್ತಿದವು. ಒಂದಡಿ ಅಗಲದ ಹಲಗೆಯ ಮೇಲೂ ಇದು ಸಾಧ್ಯ, ತಿರುವೇ ಬೇಡ.

ಈಗ ಮರಗೆಲಸ. ಮನೆಯ ಮಾಲಕರು ಗೋಡೆಗೆ ತೂತು ಹಾಕಗೊಡುವುದಿಲ್ಲವೆಂದೇ ಹಿಡಿದು ನಡೆಯಬೇಕು. ಆದುದರಿಂದ ಹಲಗೆ ತನ್ನ ಕಾಲ ಮೇಲೆ ನಿಲ್ಲತಕ್ಕದ್ದು. ಅಮೇರಿಕದ ಮಾಡೆಲ್ ರೈಲ್‌ರೋಡರ್ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟರು 1960ರ ದಶಕದಲ್ಲಿ ಪ್ರಚಾರಕ್ಕೆ ತಂದ ತೊಲೆ ಇದಕ್ಕೆ ಒಳ್ಳೆಯದು. ನಾಲ್ಕಂಗುಲ ಅಗಲದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲಂಚಿಗೆ ಎರಡಂಗುಲದ ಪಟ್ಟಿಯನ್ನು ಅಡ್ಡಲಾಗಿ ಅಂಟಿಸಿ ಸ್ಕ್ರೂ ಹಾಕಿದರೆ, ತಲೆಕೆಳಗಾದ ಕಾಟಕೋನದಂಥ ತೊಲೆಯಾಗುತ್ತದೆ. ಮರ ಸ್ವಲ್ಪ, ಬಲ ಬಹಳ. ಕಾಲುಗಳನ್ನು ತೊಲೆಯ ತುದಿಗಳಲ್ಲಿ ಇಡದೆ, ಉದ್ದದ ಐದನೆಯ ಒಂದು ಪಾಲಿನಷ್ಟು ಒಳಕ್ಕೆ ಇಡಬೇಕು. ಎಂಟಡಿಯ ತೊಲೆಗೆ ಇದು ಹತ್ತೊಂಬತ್ತು ಇಪ್ಪತ್ತು ಅಂಗುಲ. ಆಗ ತೊಲೆ ನಡುವೆ ಜಗ್ಗುವುದಿಲ್ಲ. ಅಡ್ಡಪಟ್ಟಿಗಳಿಗೆ ಸ್ಕ್ರೂಗಳನ್ನು ಕೆಳಗಿನಿಂದ ಹಾಕಿದರೆ, ಮುಂದೆ ಹಳಿ ಹಾಸಿದ ಮೇಲೂ ಅವನ್ನು ಸರಿಸಬಹುದು.

ಹಲಗೆಯ ತುಂಡುಗಳು ಮಾತ್ರ ನಾಲ್ಕಡಿಗಿಂತ ಉದ್ದ ಇರಕೂಡದು. ಎರಡು ತುಂಡುಗಳ ನಡುವೆ ಎರಡು ಬೋಲ್ಟು, ಜೊತೆಗೆ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರುವಂತೆ ಎರಡು ಗೂಟ. ನಕಾಶೆ ಬರೆಯುವಾಗ ಈ ಸಂದುಗಳನ್ನು ಮೊದಲು ಗೆರೆ ಎಳೆದು ಗುರುತಿಸಿ, ಆಮೇಲೆ ಹಳಿಯನ್ನು ಬರೆಯಿರಿ. ಸಂದಿನ ಮೇಲೆ ಪಾಯಿಂಟು ಬರಕೂಡದು, ತಿರುವೂ ಬರದಿದ್ದರೆ ಒಳ್ಳೆಯದು. ಹಳಿ ನೆಟ್ಟಗೆ ದಾಟಬೇಕು. ಎರಡು ತುಂಡುಗಳನ್ನು ಮುಖಾಮುಖಿ ಇಟ್ಟು ಎರಡು ಕಡೆ ಪಟ್ಟಿ ಹೊಡೆದರೆ ಅದೇ ಪೆಟ್ಟಿಗೆ. ಖೋಲಿ ಬದಲಿಸುವ ದಿನ ಟೆಂಪೋದಲ್ಲಿ ಹಾಸಿಗೆಯ ಸುರುಳಿಯ ಪಕ್ಕದಲ್ಲಿ ನಿಲ್ಲುತ್ತದೆ. ಪ್ಲೈವುಡ್ಡಿನ ಮೇಲೆ, ಕೆಳಗೆ, ನಾಲ್ಕಂಚಿಗೆ, ಎಲ್ಲ ಕಡೆಯೂ ಬಣ್ಣ ಬಳಿಯಬೇಕು. ಮೇಲೆ ಮಾತ್ರ ಬಳಿದರೆ ಪುಣೆಯ ಆಷಾಢದ ತೇವ ಕೆಳಗಿನಿಂದ ಹೊಕ್ಕು ಹಲಗೆ ಬಾಗುತ್ತದೆ.

ವಿದ್ಯುತ್ತಿನ ವಿಚಾರ ಇನ್ನೊಮ್ಮೆ ಬರೆಯಬಹುದು. ಸದ್ಯಕ್ಕೆ ಇಷ್ಟು ಸಾಕು: ಹಳಿಗೆ ಬರುವುದು 12 ವೋಲ್ಟು, ಅದರ ಭಯವಿಲ್ಲ, ಗೋಡೆಯ 230 ವೋಲ್ಟಿನಿಂದ ಅದನ್ನು ಇಳಿಸುವ ಪೆಟ್ಟಿಗೆಯನ್ನು ಹಲಗೆಯ ಮೇಲಿಡದೆ, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು.

ಮರ ಕೊಳ್ಳುವ ಮುಂಚೆ ಒಂದು ಕೆಲಸ ಉಳಿದಿದೆ. ಹಳೆಯ ವರ್ತಮಾನ ಪತ್ರಿಕೆಗಳನ್ನು ಮೇಜಿನ ಅಳತೆಗೆ ಕತ್ತರಿಸಿ ಅಂಟಿಸಿ, ಮೇಜು ಬರುವ ಜಾಗದಲ್ಲಿ ನೆಲದ ಮೇಲೆ ಹಾಸಿರಿ. ಮೇಜಿನೆತ್ತರಕ್ಕೆ ಒಂದು ದಾರ ಕಟ್ಟಿರಿ. ಒಂದು ವಾರ ಮನೆಯವರೆಲ್ಲ ಅದರ ಸುತ್ತಲೇ ಓಡಾಡಲಿ. ಕಪಾಟಿನ ಬಾಗಿಲು ಪೂರ್ತಿ ತೆರೆಯುತ್ತದೆಯೆ, ನೀರಿನ ಕೊಡ ಹೊತ್ತವರು ದಾರಕ್ಕೆ ತಾಗದೆ ದಾಟುತ್ತಾರೆಯೆ, ರಾತ್ರಿ ಹಾಸಿಗೆ ಬಿಚ್ಚಲು ಜಾಗ ಸಾಲುತ್ತದೆಯೆ ಎಂದು ನೋಡಿರಿ. ಕಾಗದವನ್ನು ಯಾರಾದರೂ ದಿನಕ್ಕೆರಡು ಸಲ ತುಳಿದರೆ, ತುಳಿದ ಕಡೆ ಅಷ್ಟು ಅಗಲವನ್ನು ಕತ್ತರಿಸಿ ತೆಗೆಯಿರಿ. ವಾರದ ಕೊನೆಗೆ ಉಳಿದ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಭವಾನಿ ಪೇಠೆಯ ಮರದ ಅಡ್ಡೆಗೆ ಹೋದರೆ, ಅಲ್ಲಿಯೇ ಹಲಗೆಯನ್ನು ಆ ಅಳತೆಗೆ ಕೊಯ್ಸಿ ತರಬಹುದು.